ಪ್ರವಾಸ ಕೇಳಿ: ಬಗ್ಗಿ ಹತ್ತುವ ಮೊದಲು

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ಗಾಡಿಯ ಬಗ್ಗೆ. ದ್ವೀಪಕ್ಕೆ ರಜೆಗೆ ಹೋದವರು ಮೈತುಂಬ ಕೆಸರು, ಕಣ್ಣಿಗೆ ಗಾಗಲ್ಸ್, ಬಾಯಿಗೆ ಕರ್ಚೀಫು ಕಟ್ಟಿಕೊಂಡು ಸ್ಟೇಟಸ್ ಹಾಕುತ್ತಾರಲ್ಲ, ಅದೇ ಬಗ್ಗಿ, ಅಂದರೆ ಕೆಸರು ದಾರಿಯಲ್ಲಿ ಓಡಿಸುವ, ಪೈಪಿನ ಗೂಡಿನ ನಾಲ್ಕು ಚಕ್ರದ ಗಾಡಿ. ದಾವಣಗೆರೆಯಿಂದ ಗುಂಪು ಕಟ್ಟಿಕೊಂಡು ಬಾಲಿ, ಮಾರಿಷಸ್ ಅಂತ ಓಡಾಡುವುದು ನನ್ನ ಕೆಲಸ. ಅಮೆರಿಕದಲ್ಲಿರುವ ತಂಗಿಯ ಜೊತೆ ಕೆರಿಬಿಯನ್ ಕಡೆಗೂ ಹೋಗಿ ಬಂದಿದ್ದೇನೆ. ಹಾಗಾಗಿ ಸಂಪಾದಕರು ಎಲ್ಲ ಪತ್ರಗಳನ್ನೂ ನನ್ನ ಮೇಜಿಗೇ ತಳ್ಳಿದ್ದಾರೆ.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ನಮ್ಮನ್ನೆಲ್ಲ ಕೆರಿಬಿಯನ್ ಕಡೆಯ ಡೊಮಿನಿಕನ್ ರಿಪಬ್ಲಿಕ್ ದೇಶದ ಪುಂಟಾ ಕಾನಾ ಎಂಬ ಊರಿಗೆ ಕರೆದುಕೊಂಡು ಹೋಗುತ್ತಾನಂತೆ. ಅಲ್ಲಿ ಬಗ್ಗಿ ಸವಾರಿಯನ್ನೂ ಬುಕ್ ಮಾಡಿದ್ದಾನೆ. ನನಗೆ 61 ವರ್ಷ. ಯಜಮಾನರಿಗೆ ಸೊಂಟದ ಡಿಸ್ಕ್ ಆಪರೇಷನ್ ಆಗಿದೆ. ಮೊಮ್ಮಗಳಿಗೆ 9. ಹೋಗಬಹುದಾ? ಬೇಡ ಅಂದರೆ ಮಗ ಬೇಜಾರು ಮಾಡಿಕೊಳ್ಳುತ್ತಾನೆ.
— ಗೃಹಿಣಿ, ವಿದ್ಯಾನಗರ, ದಾವಣಗೆರೆ

ನೀವು ಹೋಗಿ. ಮೊಮ್ಮಗಳೂ ಹೋಗಲಿ, ಆದರೆ ಒಂದು ಷರತ್ತಿದೆ, ಆಮೇಲೆ ಹೇಳುತ್ತೇನೆ. ಯಜಮಾನರು ಮಾತ್ರ ಬೇಡವೇ ಬೇಡ. ಇದರಲ್ಲಿ ಚೌಕಾಸಿ ಇಲ್ಲ.

ಕಾರಣ ಇಷ್ಟೇ. ಬಗ್ಗಿಯ ಸೀಟು ಗಟ್ಟಿ. ಗುಂಡಿಗೆ ಚಕ್ರ ಇಳಿದಾಗ ಪೆಟ್ಟು ಕೆಳಗಿನಿಂದ ನೇರವಾಗಿ ಬೆನ್ನುಮೂಳೆಗೆ ಬರುತ್ತದೆ. ನೀವೇ ಓಡಿಸುತ್ತಿದ್ದರೆ ಗುಂಡಿ ಕಂಡ ಕೂಡಲೇ ಮೈ ಬಿಗಿ ಮಾಡಿಕೊಳ್ಳುತ್ತೀರಿ. ಪಕ್ಕದಲ್ಲಿ ಕೂತವರಿಗೆ ಆ ಸೂಚನೆಯೂ ಸಿಗುವುದಿಲ್ಲ. ಗರ್ಭಿಣಿಯರು, ಬೆನ್ನು-ಕುತ್ತಿಗೆಯ ತೊಂದರೆ ಇರುವವರು, ಹೃದಯದ ಕಾಯಿಲೆ ಇರುವವರು ಹತ್ತಬಾರದು ಅಂತ ನಡೆಸುವವರೇ ಕಾಗದದಲ್ಲಿ ಬರೆದಿರುತ್ತಾರೆ. ಆ ಕಾಗದಕ್ಕೆ ಯಜಮಾನರು ಸಹಿ ಹಾಕಿದರೆ ‘ನನಗೆ ಅಂಥದ್ದೇನೂ ಇಲ್ಲ’ ಅಂತ ಬರೆದುಕೊಟ್ಟ ಹಾಗೆ. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ಕೇಳುವುದು ಅದೇ ಕಾಗದ.

ಹಾಗಂತ ಅವರು ಹೋಟೆಲ್ ರೂಮಿನಲ್ಲಿ ಟಿವಿ ನೋಡುತ್ತ ಕೂರಬೇಕಿಲ್ಲ. ಪುಂಟಾ ಕಾನಾದ ಹೆಚ್ಚಿನ ಬಗ್ಗಿ ಸವಾರಿಗಳು ಮಕಾವೊ ಬೀಚಿಗೆ ಹೋಗುತ್ತವೆ. ಅಲ್ಲಿಗೆ ಡಾಂಬರು ರಸ್ತೆ ಇದೆ. ಅವರು ಟ್ಯಾಕ್ಸಿಯಲ್ಲಿ ನೇರವಾಗಿ ಬಂದು, ನೀವು ಕೆಸರು ಮೆತ್ತಿಕೊಂಡು ಬರುವುದನ್ನು ಆರಾಮಾಗಿ ನೋಡಲಿ. ಫೋಟೊ ತೆಗೆಯಲು ಒಬ್ಬರು ಬೇಕಲ್ಲ! ಇನ್ನೊಂದು ವಿಷಯ. ಅಲ್ಲಿಂದ ಸಾವೊನಾ ದ್ವೀಪದ ಟೂರನ್ನೂ ಮಗ ಬುಕ್ ಮಾಡಿರುತ್ತಾನೆ, ಎಲ್ಲರೂ ಮಾಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಒಂದು ಕಡೆ ಸ್ಪೀಡ್ ಬೋಟ್, ಇನ್ನೊಂದು ಕಡೆ ನಿಧಾನದ ಕಟಮರಾನ್ ದೋಣಿ. ಸ್ಪೀಡ್ ಬೋಟು ಅಲೆಯ ಮೇಲೆ ಕುಕ್ಕುವುದು ಬಗ್ಗಿಗಿಂತ ಕಡಿಮೆ ಏನಲ್ಲ. ಎರಡೂ ಕಡೆ ಕಟಮರಾನ್ ಇರುವ ಟೂರ್ ಸಿಗುತ್ತದಾ ಅಂತ ಈಗಲೇ ಕೇಳಿಸಿ.

ಈಗ ಮೊಮ್ಮಗಳ ಷರತ್ತು. ಅವಳು ಕೂತಾಗ ಬೆನ್ನು ಸೀಟಿಗೆ ತಾಗಬೇಕು, ಪಾದ ನೆಲಕ್ಕೆ ಮುಟ್ಟಬೇಕು, ಬೆಲ್ಟ್ ಹೆಗಲ ಮೇಲೆ ಕೂರಬೇಕು. ಕುತ್ತಿಗೆ ಮೇಲೆ ಬರುತ್ತಿದ್ದರೆ ಬೇಡ. ವಯಸ್ಸಿನ ಲೆಕ್ಕ ಒಬ್ಬೊಬ್ಬರದು ಒಂದೊಂದು, ನಾನು ನೋಡುವುದು ಎತ್ತರ. ಅವಳ ಅಳತೆಯ ಹೆಲ್ಮೆಟ್ ಇದೆಯಾ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಲಿ. ದೊಡ್ಡವರ ಹೆಲ್ಮೆಟ್‌ಗೆ ಒಳಗೆ ಟವೆಲ್ ತುರುಕಿ ಕೊಡುವವರನ್ನು ನಾನು ಕಂಡಿದ್ದೇನೆ. ಅಂಥ ಕಡೆ ಮುಲಾಜು ನೋಡದೆ ವಾಪಸ್ ಬನ್ನಿ.

ಸವಾರಿ ಹೇಗಿರುತ್ತದೆ ಅಂತ ಕೇಳಿಲ್ಲ ನೀವು, ಆದರೂ ಹೇಳುತ್ತೇನೆ. ಬೆಳಿಗ್ಗೆ ಹೋಟೆಲಿನಿಂದ ವ್ಯಾನಿನಲ್ಲೋ ಲಾರಿಯಲ್ಲೋ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಸಾಲಾಗಿ ಗಾಡಿಗಳು. ನಾಲ್ಕು ಚಕ್ರ, ಮೇಲೆ ಕಬ್ಬಿಣದ ಪೈಪಿನ ಗೂಡು, ಬಾಗಿಲಿಗೆ ಬದಲು ಒಂದು ಬಲೆ, ಗಾಜು ಇಲ್ಲ. ಹೆಚ್ಚಿನವಕ್ಕೆ ಕ್ಲಚ್ ಇಲ್ಲ. ನಮ್ಮ ಗೇರ್ ಇಲ್ಲದ ಸ್ಕೂಟರ್‌ನಲ್ಲಿರುವ ಬೆಲ್ಟ್ ವ್ಯವಸ್ಥೆಯೇ ಇದರಲ್ಲೂ ಇರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಹೋಗುತ್ತದೆ, ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ಮುಂದೆ ಒಬ್ಬ ಗೈಡ್, ಹಿಂದೆ ಒಬ್ಬ. ಮುಂದಿನವನು ಕೈ ಮೇಲೆತ್ತಿದರೆ ನಿಲ್ಲಬೇಕು, ಕೈ ಕೆಳಗೆ ಆಡಿಸಿದರೆ ನಿಧಾನ. ಕಬ್ಬಿನ ಗದ್ದೆ, ಹಳ್ಳಿ, ಕೆಸರು ಹೊಂಡ ದಾಟಿಕೊಂಡು ಒಂದು ಮನೆ ಹತ್ತಿರ ನಿಲ್ಲಿಸುತ್ತಾರೆ. ಅಲ್ಲಿ ಚಾಕೊಲೇಟ್ ಮಾಡುವ ಕೋಕೊ ಕಾಯಿ ಒಡೆದು ತೋರಿಸುತ್ತಾರೆ, ಕಾಫಿ ಕೊಡುತ್ತಾರೆ. ಮಾಮಾಹುವಾನಾ ಅಂತ ಒಂದು ಶೀಷೆಯನ್ನೂ ಮುಂದೆ ಹಿಡಿಯುತ್ತಾರೆ. ಮರದ ತೊಗಟೆ, ಬೇರು ಹಾಕಿ ನೆನೆಸಿದ ರಮ್ ಅದು, ಕಷಾಯ ಅಂದುಕೊಂಡು ಕುಡಿದೀರಿ ಜೋಕೆ. ಓಡಿಸುವವರಂತೂ ಮುಟ್ಟಲೇಬಾರದು.

ಆಮೇಲೆ ಗುಹೆಯೊಳಗಿನ ನೀರು. ನನಗೆ ಇಡೀ ಟೂರಿನಲ್ಲಿ ಹಿಡಿಸಿದ್ದು ಅದೊಂದೇ. ಆ ಕಡೆಯ ನೆಲವೆಲ್ಲ ಹಳೆಯ ಹವಳದ ಸುಣ್ಣಕಲ್ಲು. ಮಳೆನೀರು ಕಲ್ಲನ್ನು ಕರಗಿಸುತ್ತಾ ಹೋಗಿ ಒಳಗೆ ಗುಹೆ ಆಗಿದೆ, ತಳದಲ್ಲಿ ತಿಳಿಯಾದ ಸಿಹಿನೀರು ನಿಂತಿದೆ. ಧೂಳು ಮೆತ್ತಿದ ಮೈ ಆ ತಣ್ಣೀರಿಗೆ ಇಳಿದಾಗಿನ ಸುಖ ಹೇಳತೀರದು. ಮೆಟ್ಟಿಲು ಜಾರುತ್ತದೆ, ಬರಿಗಾಲಲ್ಲಿ ಇಳಿಯಬೇಡಿ. ಈಜು ಬಾರದಿದ್ದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ಒಂದು ಗುಟ್ಟು. ಹೊರಡುವ ಮುಂಚೆ ‘ಗೈಡ್ ಹಿಂದಿನ ಮೊದಲ ಗಾಡಿ ನಮ್ಮದಿರಲಿ’ ಅಂತ ಕೇಳಿಕೊಳ್ಳಿ. ಡಿಸೆಂಬರ್‌ನಲ್ಲಿ ಅಲ್ಲಿ ಮಳೆ ಕಡಿಮೆಯಾಗುತ್ತಾ ಬರುತ್ತದೆ. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತದ ಕಾಲವೂ ಮುಗಿದಿರುತ್ತದೆ. ಕೆಸರು ಕಮ್ಮಿ ಇದ್ದರೆ ಧೂಳು ಜಾಸ್ತಿ. ಸಾಲಿನ ಕೊನೆಯಲ್ಲಿದ್ದವರಿಗೆ ಎಲ್ಲರ ಧೂಳೂ ಉಚಿತ. ಮುಂದೆ ಇದ್ದರೆ ಆ ಗೋಳಿಲ್ಲ, ಗೈಡ್ ಕೂಡ ನಿಮ್ಮ ವೇಗ ನೋಡಿಕೊಂಡೇ ಓಡಿಸುತ್ತಾನೆ.

ವೀಸಾ ವಿಷಯ ಮಗನಿಗೆ ಗೊತ್ತಿರುತ್ತದೆ. ಡೊಮಿನಿಕನ್ ರಿಪಬ್ಲಿಕ್ ಬೇರೆ ದೇಶ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಪ್ರವಾಸಿಗಳನ್ನು ಬಿಟ್ಟುಕೊಳ್ಳುತ್ತಾರೆ. ಆದರೆ ನಿಮ್ಮ ವೀಸಾ ಅಮೆರಿಕಕ್ಕೆ ಮತ್ತೆ ಮತ್ತೆ ಹೋಗಿ ಬರಲು ಬಿಡುವಂಥದ್ದೇ ಅಂತ ನೋಡಿಕೊಳ್ಳಿ. ಅಲ್ಲಿಗೆ ಹೋಗಲು ಇ-ಟಿಕೆಟ್ ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ತೆರೆದುಕೊಂಡರೆ ಅದು ಸರ್ಕಾರದ್ದಲ್ಲ.

ಮದುವೆಯಾಗಿ ಹೊಸದು. ಫೆಬ್ರವರಿಯಲ್ಲಿ ಬಾಲಿಗೆ ಹೊರಟಿದ್ದೇವೆ. ಉಬುದ್‌ನಲ್ಲಿ ಎಟಿವಿ ಒಂದು ರೇಟು, ಬಗ್ಗಿ ಅದಕ್ಕಿಂತ ಜಾಸ್ತಿ ರೇಟು ಹೇಳುತ್ತಿದ್ದಾರೆ. ಎರಡಕ್ಕೂ ಏನು ವ್ಯತ್ಯಾಸ? ಇವಳಿಗೆ ಸೈಕಲ್ ಕೂಡ ಬರುವುದಿಲ್ಲ.
— ಮೆದೇಹಳ್ಳಿ ರಸ್ತೆ, ಚಿತ್ರದುರ್ಗ

ಎಟಿವಿ ಅಂದರೆ ಬೈಕಿನ ಹಾಗೆ ಕಾಲು ಆಚೆ ಈಚೆ ಹಾಕಿ ಕೂರುವ ನಾಲ್ಕು ಚಕ್ರದ ಗಾಡಿ. ಹ್ಯಾಂಡಲ್ ಹಿಡಿದು ಓಡಿಸುವುದು. ಬೆಲ್ಟ್ ಇಲ್ಲ, ಮೇಲೆ ಗೂಡಿಲ್ಲ. ನಾಲ್ಕು ಚಕ್ರ ಇದೆ, ಬೀಳಲ್ಲ ಅಂತ ಜನ ಧೈರ್ಯವಾಗಿ ಹತ್ತುತ್ತಾರೆ. ಆದರೆ ಇಳಿಜಾರಿನಲ್ಲಿ ಅಡ್ಡ ತಿರುಗಿಸಿದರೆ ಅದು ಸಲೀಸಾಗಿ ಮಗುಚುತ್ತದೆ. ಮಗುಚಿದರೆ ನಿಮ್ಮ ಮೇಲೇ ಬೀಳುತ್ತದೆ. ಹಿಂದೆ ಒಬ್ಬರು ಕೂತರೆ ಇನ್ನೂ ಕಷ್ಟ. ತಿರುವಿನಲ್ಲಿ ಇಬ್ಬರೂ ಒಂದೇ ಕಡೆ ಮೈ ವಾಲಿಸಬೇಕು. ಸೈಕಲ್ ಬಾರದವರು ಹೆದರಿಕೆಗೆ ಉಲ್ಟಾ ವಾಲುತ್ತಾರೆ.

ನೀವಿಬ್ಬರೂ ಬಗ್ಗಿ ತೆಗೆದುಕೊಳ್ಳಿ. ದುಡ್ಡು ಜಾಸ್ತಿಯಾದರೂ ಅಕ್ಕಪಕ್ಕ ಕೂರುತ್ತೀರಿ, ಬೆಲ್ಟ್ ಇರುತ್ತದೆ. ಗಾಡಿ ವಾಲಿತು ಅನ್ನಿಸಿದರೆ ಕೈಯನ್ನಾಗಲಿ ಕಾಲನ್ನಾಗಲಿ ಹೊರಗೆ ಚಾಚಬೇಡಿ. ಒಳಗಿನ ಹಿಡಿ ಹಿಡಿದು ಗಟ್ಟಿಯಾಗಿ ಕೂತುಬಿಡಿ. ಮೂಳೆ ಮುರಿಯುವುದು ಗಾಡಿಯನ್ನು ಕೈಯಿಂದ ತಡೆಯಲು ಹೋದವರದ್ದೇ.

ನಿಮ್ಮ ಮನೆಯವರಿಗೆ ಹೇಳಿ: ದುಪಟ್ಟಾ ಬೇಡ, ಕೂದಲು ಜಡೆ ಹಾಕಿ ಅಂಗಿಯೊಳಗೆ, ಸರ-ಬಳೆ ಹೋಟೆಲ್ ಲಾಕರಿನಲ್ಲಿ. ಅತ್ತೆ ಫೋಟೊ ನೋಡಿ ತಾಳಿ ಎಲ್ಲಿ ಅಂತ ಕೇಳಿದರೆ ನನ್ನ ಹೆಸರು ಹೇಳಿ.

ಫೆಬ್ರವರಿ ಬಾಲಿಯಲ್ಲಿ ಮಳೆಗಾಲ. ಕೆಸರು ಬೇಕು ಅನ್ನುವವರಿಗೆ ಹಬ್ಬ. ಮಧ್ಯಾಹ್ನದ ಮೇಲೆ ಮಳೆ ಹಿಡಿಯುವುದು ಜಾಸ್ತಿ, ಬೆಳಗಿನ ಹೊತ್ತೇ ಕೇಳಿ. ದಾರಿಯಲ್ಲಿ ಭತ್ತದ ಗದ್ದೆ ಸಿಗುತ್ತದೆ, ಅಲ್ಲಿ ಗೈಡನ್ನು ಎರಡು ನಿಮಿಷ ನಿಲ್ಲಿಸಿ. ಸುಬಾಕ್ ಅಂತ ಅಲ್ಲಿ ರೈತರದ್ದೇ ಸಂಘ. ಮೇಲಿನ ಗದ್ದೆಗೆ ಎಷ್ಟು ನೀರು, ಕೆಳಗಿನದಕ್ಕೆ ಯಾವಾಗ ಅನ್ನುವುದನ್ನು ಊರವರು ದೇವಸ್ಥಾನದಲ್ಲಿ ಕೂತು ತೀರ್ಮಾನಿಸುತ್ತಾರೆ. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭದ್ರಾ ನಾಲೆಯ ಕೊನೆ ಭಾಗದ ರೈತರು ನನ್ನ ಗುಂಪಿನಲ್ಲಿ ಬಂದಿದ್ದರು. ಅವರು ಬಗ್ಗಿ ಮರೆತು ಆ ಪುಟ್ಟ ಕಾಲುವೆಗಳ ಹತ್ತಿರವೇ ಕೂತುಬಿಟ್ಟರು. ‘ಇಲ್ಲಿ ತೂಬು ಒಡೆಯೋರು ಇಲ್ವಾ?’ ಅಂತ ಗೈಡಿಗೆ ಕೇಳಿ ಅಂದರು. ಕೇಳಿದೆ. ಅವನು ನಕ್ಕ, ಉತ್ತರ ಹೇಳಲಿಲ್ಲ.

ನಾನು ರೈತ. ದಿನಾ ಟ್ರ್ಯಾಕ್ಟರ್ ಓಡಿಸ್ತೀನಿ. ಮಾರಿಷಸ್‌ಗೆ ಹೊರಟಿದೀವಿ. ಕೆಸರಲ್ಲಿ ಗಾಡಿ ಓಡಿಸೋಕೆ ನಾನು ದುಡ್ಡು ಕೊಡಬೇಕಾ? ಜೊತೆಗೆ ಗೈಡ್ ಬೇರೆ!
— ಚಳ್ಳಕೆರೆ ತಾಲ್ಲೂಕಿನಿಂದ

ಅಣ್ಣಾ, ಬಗ್ಗಿ ಹತ್ತಿ ಪೇಚಿಗೆ ಸಿಕ್ಕಿದ್ದನ್ನು ನಾನು ಜಾಸ್ತಿ ನೋಡಿರುವುದು ನಿಮ್ಮಂಥ ಪಳಗಿದ ಕೈಗಳನ್ನೇ. ಟ್ರ್ಯಾಕ್ಟರ್ ಹೂತುಕೊಂಡರೆ ನೀವು ಏನು ಮಾಡುತ್ತೀರಿ? ರೇಸ್ ಕೊಟ್ಟು ಎಬ್ಬಿಸುತ್ತೀರಿ. ಇದರಲ್ಲಿ ಚಕ್ರ ಹೂತಾಗ ಆಕ್ಸಿಲರೇಟರ್ ಒತ್ತಿ ಹಿಡಿದರೆ ಒಳಗಿನ ಬೆಲ್ಟ್ ಸುಟ್ಟು ವಾಸನೆ ಬರುತ್ತದೆ, ಹಿಂದೆಯೇ ಬಿಲ್ ಬರುತ್ತದೆ. ಒಂದು ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಗಕ್ಕನೆ ತಿರುಗಿಸುವ ನಿಮ್ಮ ಟ್ರ್ಯಾಕ್ಟರಿನ ಚಮತ್ಕಾರವೂ ಇಲ್ಲಿ ನಡೆಯುವುದಿಲ್ಲ. ಟ್ರ್ಯಾಕ್ಟರಿನ ಅರ್ಧ ತೂಕವೂ ಇಲ್ಲದ ಗಾಡಿ, ದಿಣ್ಣೆ ಮೇಲೆ ಹಾರುತ್ತದೆ.

ಗೈಡ್ ಬೇಕು, ಯಾಕೆಂದರೆ ಅದು ಬೇರೆಯವರ ಜಮೀನು. ಮಾರಿಷಸ್‌ನಲ್ಲಿ ಇಂಥ ಸವಾರಿಗಳು ಹೆಚ್ಚಾಗಿ ಹಳೆಯ ಕಬ್ಬಿನ ಎಸ್ಟೇಟುಗಳೊಳಗೆ ನಡೆಯುತ್ತವೆ. ಕೆಲವು ಕಡೆ ಜಿಂಕೆಗಳ ಹಿಂಡು ಎದುರಾಗುತ್ತದೆ. 1639ರಲ್ಲಿ ಡಚ್ಚರು ಜಾವಾದಿಂದ ಹಡಗಿನಲ್ಲಿ ತಂದು ಬಿಟ್ಟ ಜಿಂಕೆಗಳ ಸಂತತಿ ಅದು. ಕಬ್ಬನ್ನು ತಂದವರೂ ಅವರೇ. ನಿಮಗೆ ದುಡ್ಡು ಕೊಟ್ಟು ಓಡಿಸಲು ಮನಸ್ಸಿಲ್ಲದಿದ್ದರೆ ಬಿಡಿ, ಏನೂ ನಷ್ಟವಿಲ್ಲ. ಅದೇ ದುಡ್ಡಲ್ಲಿ ಶಮರೆಲ್‌ನ ಏಳು ಬಣ್ಣದ ಮಣ್ಣು ನೋಡಿ ಬನ್ನಿ. ಮಣ್ಣಿನ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತಾಗುತ್ತದೆ.

ಅಷ್ಟು ದೂರ ಯಾಕೆ ಹೋಗಬೇಕು ಮೇಡಂ? ನಮ್ಮ ಜೋಗಿಮಟ್ಟಿ ಇದೆ, ಫ್ಯಾನ್‌ಗಳಿರುವ ಗುಡ್ಡ ಇದೆ. ಗೆಳೆಯನ ಜೀಪ್ ಇದೆ. ಅಲ್ಲೇ ಗುಡ್ಡ ಹತ್ತಿಸಬಾರದಾ?
— ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ

ಬಾರದು. ಜೋಗಿಮಟ್ಟಿ ವನ್ಯಜೀವಿ ಧಾಮ. ಅರಣ್ಯ ಇಲಾಖೆ ಬಿಟ್ಟ ದಾರಿಯಲ್ಲಿ, ಬಿಟ್ಟ ಹೊತ್ತಿನಲ್ಲಿ ಹೋಗಬೇಕು ಅಷ್ಟೇ. ದಾರಿ ಬಿಟ್ಟು ಹುಲ್ಲಿನ ಮೇಲೆ ಜೀಪು ಹತ್ತಿಸಿದರೆ ಕೇಸು ಬೀಳುತ್ತದೆ, ಗಾಡಿಯೂ ಹೋಗುತ್ತದೆ. ಪವನಯಂತ್ರದ ಗುಡ್ಡದ ರಸ್ತೆಗಳು ಅವುಗಳ ರಿಪೇರಿಗೆ ಮಾಡಿದವು, ನಮ್ಮ ಶೋಕಿಗಲ್ಲ. ಆಸೆ ಇದ್ದರೆ ಮಡಿಕೇರಿ ಕಡೆ ಎಟಿವಿ ಓಡಿಸಲು ಟ್ರ್ಯಾಕ್‌ಗಳಿವೆ, ಚಿಕ್ಕಮಗಳೂರಿನಲ್ಲಿ ಜೀಪ್ ಸವಾರಿ ಇದೆ.

ಬಗ್ಗಿ ವಾಪಸ್ ಕೊಡುವಾಗ ಗೀರು ಬಿದ್ದಿದೆ ಅಂತ ದುಡ್ಡು ಕೀಳುತ್ತಾರಂತೆ, ನಿಜವಾ? ಫೋಟೊಗೆ, ಟಿಪ್ಸ್‌ಗೆ ಎಷ್ಟು ಇಟ್ಟುಕೊಳ್ಳಬೇಕು?
— ಹರಿಹರ

ಎಲ್ಲರೂ ಹಾಗಿಲ್ಲ. ಆದರೆ ನನ್ನ ಗುಂಪಿನ ಒಬ್ಬರಿಗೆ ಒಂದು ಕಡೆ ಮಡ್‌ಗಾರ್ಡ್ ಸೀಳಿದೆ ಅಂತ ಬಿಲ್ ಹಿಡಿದರು. ಹತ್ತುವ ಮುಂಚೆ ಗಾಡಿಯ ಸುತ್ತ ಮೊಬೈಲ್ ಹಿಡಿದು ವಿಡಿಯೊ ಮಾಡಿದ್ದೆ, ಸೀಳು ಅದರಲ್ಲಿ ಆಗಲೇ ಇತ್ತು. ತೋರಿಸಿದೆ, ಸುಮ್ಮನಾದರು. ವಿಡಿಯೊ ಮಾಡುವಾಗ ಅಲ್ಲಿನ ಹುಡುಗನ ಮುಖವೂ ಬರಲಿ, ‘ಈ ಗಾಡಿ ಕೊಟ್ಟಿದ್ದು ಇವರೇ’ ಅಂತ ಆಗುತ್ತದೆ. ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ. ಜೆರಾಕ್ಸ್ ಕೊಡಿ, ಒಪ್ಪದಿದ್ದರೆ ಬೇರೆಯವರ ಹತ್ತಿರ ಹೋಗಿ. ಡ್ಯಾಮೇಜ್ ಆದರೆ ಎಷ್ಟರವರೆಗೆ ನಾವು ಕಟ್ಟಬೇಕು ಅನ್ನುವುದು ಸಹಿ ಹಾಕುವ ಕಾಗದದಲ್ಲಿರುತ್ತದೆ. ಸಣ್ಣ ಅಕ್ಷರ ಅಂತ ಬಿಡಬೇಡಿ, ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ನಿಮ್ಮ ಪ್ರವಾಸ ವಿಮೆಯಲ್ಲೂ ಸಾಹಸ ಕ್ರೀಡೆಯ ಕಲಂ ನೋಡಿ. ತುಂಬಾ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ, ಜಾಸ್ತಿ ಪ್ರೀಮಿಯಂ ಕಟ್ಟಿದರೆ ಕೆಲವರು ಸೇರಿಸಿಕೊಡುತ್ತಾರೆ.

ಫೋಟೊದವರು ದಾರಿಯಲ್ಲಿ ಎಲ್ಲೋ ಪೊದೆ ಹಿಂದೆ ನಿಂತು ಹೊಡೆದಿರುತ್ತಾರೆ, ಕೊನೆಗೆ ಪರದೆ ಮೇಲೆ ತೋರಿಸುತ್ತಾರೆ. ಮೊದಲು ಹೇಳುವ ರೇಟಿಗೆ ತಲೆಯಾಡಿಸಬೇಡಿ. ಗುಂಪಿನವರೆಲ್ಲ ಸೇರಿ ಒಂದೇ ಪೆನ್‌ಡ್ರೈವ್ ಕೊಂಡು ಹಂಚಿಕೊಳ್ಳಿ. ಗಾಗಲ್ಸು, ಕರ್ಚೀಫು ಅಲ್ಲಿ ದುಬಾರಿ, ಇಲ್ಲಿಂದಲೇ ಒಯ್ಯಿರಿ. ಹಾಕುವ ಬಟ್ಟೆ ಅಲ್ಲೇ ಬಿಟ್ಟುಬರುವಂಥ ಹಳೆಯದಿರಲಿ, ಆ ಕಲೆ ಹೋಗುವುದಿಲ್ಲ. ಟಿಪ್ಸ್‌ಗೆ ಇಂತಿಷ್ಟು ಅಂತ ಲೆಕ್ಕವಿಲ್ಲ, ನಿಮಗೆ ತೋಚಿದಷ್ಟು ಕೊಡಿ. ಆದರೆ ಕೌಂಟರಿನ ಡಬ್ಬಿಗೆ ಹಾಕಬೇಡಿ. ಮುಂದಿದ್ದ ಗೈಡಿಗೆ ಅರ್ಧ, ಸಾಲಿನ ಕೊನೆಯಲ್ಲಿ ಎಲ್ಲರ ಧೂಳು ಕುಡಿದುಕೊಂಡು ಬಂದ ಹುಡುಗನಿಗೆ ಅರ್ಧ, ಅವರವರ ಕೈಗೇ ಕೊಡಿ.