ಜರ್ಮನ್ ಟ್ಯೂಷನ್ನಿಗೆ ಬಂದು ಬಾಯಿ ಬಿಡದ ಹುಡುಗಿ: ಓದುಗರ ಪ್ರಶ್ನೆ, ಟೀಚರ್ ಉತ್ತರ

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು. ಜರ್ಮನ್ ಬಿ2, ಅಂದರೆ ಆರು ಹಂತಗಳಲ್ಲಿ ನಾಲ್ಕನೆಯದು, ಪಾಸಾಗಿದೆ. ಮಗು ಸಣ್ಣದು, ಹೊರಗೆ ಕೆಲಸಕ್ಕೆ ಹೋಗುವ ಹಾಗಿಲ್ಲ, ಹಾಗಾಗಿ ಸಂಜೆ ಮನೆಯಲ್ಲೇ ಟ್ಯೂಷನ್ ಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಮುಗಿಸಿದವರು. ಒಬ್ಬಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬರೆಯಲು ಕೊಟ್ಟರೆ ಎಲ್ಲರಿಗಿಂತ ಮುಂದೆ. ಮಾತಾಡು ಅಂದರೆ ತಲೆ ತಗ್ಗಿಸಿ ಕೂರುತ್ತಾಳೆ. ಮೊದಲು ಹೋಗುತ್ತಿದ್ದ ಕೋಚಿಂಗ್ ಕ್ಲಾಸಿನಲ್ಲಿ ಏನೋ ತಪ್ಪು ಹೇಳಿದಾಗ ಎಲ್ಲರೂ ನಕ್ಕರಂತೆ. ಈಗ ಅವಳ ಅಪ್ಪ, ತಲೆಗೆ ಹತ್ತದಿದ್ದರೆ ಬಿಡಿಸಿಬಿಡುತ್ತೇನೆ ಅನ್ನುತ್ತಿದ್ದಾರೆ. ನನಗೂ ಕೆಲವೊಮ್ಮೆ ತಾಳ್ಮೆ ತಪ್ಪುತ್ತದೆ. ಏನು ಮಾಡಲಿ?

ಉತ್ತರ: ತಂಗಿ, ಅಷ್ಟು ಚೆನ್ನಾಗಿ ಬರೆಯುವವಳಿಗೆ ತಲೆಗೆ ಹತ್ತಿಲ್ಲ ಅನ್ನುವುದು ಹೇಗೆ? ಹತ್ತಿದೆ, ನಾಲಿಗೆಗೆ ಇಳಿದಿಲ್ಲ ಅಷ್ಟೆ. ಅವಳ ನೋಟ್‌ಬುಕ್ಕನ್ನೇ ಅಪ್ಪನ ಮುಂದಿಟ್ಟು ಇದನ್ನು ಹೇಳಿ. ಅವಳೂ ಅಲ್ಲೇ ಇರಲಿ, ಅವಳು ಕೇಳಿಸಿಕೊಳ್ಳುವುದು ಮುಖ್ಯ.

ಇನ್ನು ತಾಳ್ಮೆಯ ಮಾತು. ತಾಳ್ಮೆ ಅಂದರೆ ಸಿಟ್ಟು ನುಂಗಿಕೊಂಡು ಕೂರುವುದಲ್ಲ, ಪ್ರಶ್ನೆ ಕೇಳಿದ ಮೇಲೆ ನಿಜವಾಗಿಯೂ ಕಾಯುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಕ್ಲಾಸುಗಳಲ್ಲಿ ಇದನ್ನೇ ಅಳೆದು ನೋಡಿದ್ದರು. ಟೀಚರ್‌ಗಳು ಪ್ರಶ್ನೆ ಕೇಳಿ ಒಂದು ಸೆಕೆಂಡಿನಷ್ಟೂ ಕಾಯದೆ ಮತ್ತೆ ತಾವೇ ಮಾತಾಡಿಬಿಡುತ್ತಿದ್ದರು; ಮೂರು ಸೆಕೆಂಡಿಗಿಂತ ಜಾಸ್ತಿ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಅದು ವಿಜ್ಞಾನದ ಪಾಠ, ಪರಭಾಷೆಯಾದರೆ ಇನ್ನೂ ಜಾಸ್ತಿ ಹೊತ್ತು ಬೇಕು, ಯಾಕೆಂದರೆ ಅವಳು ಪದ ಹುಡುಕಬೇಕು, ಅದರ ಲಿಂಗಕ್ಕೆ ತಕ್ಕಂತೆ ಮುಂದೆ ಡೆರ್, ಡಿ, ಡಾಸ್‌ನಲ್ಲಿ ಯಾವುದು ಬರುತ್ತದೆ ಅಂತ ನೋಡಬೇಕು, ಕ್ರಿಯಾಪದ ಎಲ್ಲಿಡಬೇಕು ಅಂತ ಯೋಚಿಸಬೇಕು. ಅಷ್ಟರಲ್ಲಿ ನೀವು 'ಹೇಳು ಹೇಳು' ಅಂದರೆ ಹುಡುಕಿಟ್ಟದ್ದೂ ಕೈಬಿಟ್ಟು ಹೋಗುತ್ತದೆ. ಮನಸ್ಸಿನಲ್ಲೇ ಹತ್ತು ಎಣಿಸಿ. ಅವಳ ಮುಖವನ್ನೇ ದಿಟ್ಟಿಸಬೇಡಿ, ಪುಸ್ತಕ ನೋಡುತ್ತಾ ಕಾಯಿರಿ. ಪಕ್ಕದವರು ಉತ್ತರ ಹೇಳಲು ಹೊರಟರೆ ಕೈಸನ್ನೆಯಲ್ಲೇ ತಡೆಯಿರಿ.

ತಿದ್ದುವುದರಲ್ಲೂ ಆರಿಸಿಕೊಳ್ಳಬೇಕು. ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚೂರಿ ನಪುಂಸಕ ಅನ್ನುವ ಭಾಷೆಯಲ್ಲಿ ಡೆರ್, ಡಿ ತಪ್ಪದವರು ಯಾರಿದ್ದಾರೆ? ಲಿಂಗ ತಪ್ಪಿದರೂ ಹೆಚ್ಚಿನ ಸಲ ಕೇಳಿದವರಿಗೆ ಅರ್ಥವಾಗುತ್ತದೆ. ಮಾತಿನ ನಡುವೆ ಅದನ್ನು ಹಿಡಿಯಬೇಡಿ, ಬರೆದಿಟ್ಟುಕೊಂಡು ಕೊನೆಗೆ ಒಂದೋ ಎರಡೋ ಹೇಳಿ ಸಾಕು. ಆದರೆ ಸಂಖ್ಯೆ ತಪ್ಪಿದರೆ ಅಲ್ಲೇ ನಿಲ್ಲಿಸಿ, ಇದರಲ್ಲಿ ಮಾತ್ರ ಮುಲಾಜು ಬೇಡ. ಜರ್ಮನ್ನಿನಲ್ಲಿ 25 ಹೇಳುವಾಗ ಐದು ಮೊದಲು, ಇಪ್ಪತ್ತು ಆಮೇಲೆ. ಕೇಳಿ ಬರೆದುಕೊಳ್ಳುವಾಗ ಕೈ ತಾನಾಗಿ 52 ಬರೆದುಬಿಡುತ್ತದೆ. 15 ಫ್ಯೂನ್ಫ್‌ಜೇನ್, 50 ಫ್ಯೂನ್ಫ್‌ಜಿಶ್, ಅವಸರದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ನಾಳೆ ಜರ್ಮನಿಯ ಆಸ್ಪತ್ರೆಯಲ್ಲಿ ಮದ್ದಿನ ಪ್ರಮಾಣ ಬರೆದುಕೊಳ್ಳಬೇಕಾದವಳು ಅವಳು. ನೀವು ಹೇಳಿ, ಅವಳು ಬರೆಯಲಿ. ಆಮೇಲೆ ಅವಳು ಹೇಳಲಿ, ನೀವು ಬರೆಯಿರಿ. ಇದರಲ್ಲಿ ಮಾತಾಡಬೇಕು ಅನ್ನುವ ಹೆದರಿಕೆಯೂ ಕಡಿಮೆ, ಬರೆಯುವುದು ಅವಳ ಕೈಯಲ್ಲಿರುವ ವಿದ್ಯೆ ಅಲ್ವಾ.

ಬಾಯಿ ಬಿಡಿಸಲು ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯಥೆ ಇನ್‌ಸ್ಟಿಟ್ಯೂಟಿನ ಎ1 (ಮೊದಲ ಹಂತದ) ಪರೀಕ್ಷೆಯ ಪರಿಚಯದ ಕಾರ್ಡಿನಿಂದಲೇ ಶುರು ಮಾಡಿ. ಹೆಸರು, ಪ್ರಾಯ, ದೇಶ, ಇರುವ ಊರು, ಭಾಷೆಗಳು, ಉದ್ಯೋಗ, ಹವ್ಯಾಸ, ಇಷ್ಟೇ ಅದರಲ್ಲಿರುವುದು. 'ಭಾಷೆಗಳು' ಅನ್ನುವಲ್ಲಿ ಸ್ವಲ್ಪ ನಿಲ್ಲಿ. ಬದಿಯಡ್ಕದ ಹುಡುಗಿ ಕನ್ನಡ, ತುಳು, ಮಲಯಾಳ, ಇಂಗ್ಲಿಷ್, ಹಿಂದಿ ಅಂತ ಐದು ಹೇಳಬಹುದು! ಬಸ್ಸಿನಲ್ಲಿ ಮಲಯಾಳ, ಮನೆಯಲ್ಲಿ ತುಳು, ಟ್ಯೂಷನ್ನಿನಲ್ಲಿ ಕನ್ನಡ ಅಂತ ದಿನಕ್ಕೆ ಎಷ್ಟು ಸಲ ಭಾಷೆ ಬದಲಿಸುತ್ತಾಳೆ ಅಂತ ಅವಳಿಗೇ ಗೊತ್ತಿರಲಿಕ್ಕಿಲ್ಲ. ಅವಳ ಬಾಯಿಂದಲೇ ಆ ಪಟ್ಟಿ ಬರಲಿ, ಗಟ್ಟಿಯಾಗಿ.

ವಿವರಣೆಯನ್ನು ಧಾರಾಳವಾಗಿ ಕನ್ನಡದಲ್ಲೇ ಕೊಡಿ. 'ಯಾಕೆಂದರೆ' ಅನ್ನುವ ವಾಯ್ಲ್ ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನ ದಾರಿಯಲ್ಲಿ ಹೋದರೆ ಇದು ದೊಡ್ಡ ಗೋಜಲು, ನಮಗೆ ಕನ್ನಡದಲ್ಲೂ ತುಳುವಿನಲ್ಲೂ ಕ್ರಿಯಾಪದ ಕೊನೆಗೇ ಬರುವುದು ತಾನೇ.

ಮತ್ತೆ, ಸುಮ್ನೆ 'ಸೂಪರ್' ಅನ್ನಬೇಡಿ. ಚೆನ್ನಾಗಿ ಬರೆಯುವವರಿಗೆ ಹುಸಿ ಹೊಗಳಿಕೆ ಬೇಗ ಗೊತ್ತಾಗುತ್ತದೆ. 'ಮೊನ್ನೆ ತಪ್ಪಿದ ಕ್ರಿಯಾಪದವನ್ನು ಇವತ್ತು ನೀನೇ ಸರಿಯಾದ ಜಾಗದಲ್ಲಿಟ್ಟೆ' ಅನ್ನಿ. ನಗುವವರ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ: ನಿಮ್ಮ ಮನೆಯ ಟ್ಯೂಷನ್ನಿನಲ್ಲಿ ಒಬ್ಬರ ತಪ್ಪಿಗೆ ಇನ್ನೊಬ್ಬರು ನಗುವ ಹಾಗಿಲ್ಲ ಅಂತ ಎಲ್ಲರ ಎದುರೇ ಹೇಳಿಬಿಡಿ.

ಪ್ರಶ್ನೆ: ಮಗ ಜಪಾನಿ ಕಲಿಯುತ್ತಿದ್ದಾನೆ, ಡಿಸೆಂಬರಿನಲ್ಲಿ ಎನ್5 (ಮೊದಲ ಹಂತದ) ಪರೀಕ್ಷೆ. ನನಗೆ ಒಂದಕ್ಷರವೂ ಬಾರದು. ಸಹಾಯ ಮಾಡುವುದು ಹೇಗೆ? (ತಾಯಿ, ಮಂಜೇಶ್ವರ)

ಉತ್ತರ: ಅಮ್ಮಾ, ಆ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ, ಹಾಗಾಗಿ ಹುಡುಗರು ಓದಿ, ಕೇಳಿ ಮುಗಿಸಿಬಿಡುತ್ತಾರೆ. ದಿನಾ ಸ್ವಲ್ಪ ಹೊತ್ತು ನಿಮಗೆ ಕೇಳಿಸುವಂತೆ ಓದಲು ಹೇಳಿ. ಪದಗಳ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆಸಿಕೊಳ್ಳಿ. ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆ: ಒಬಸನ್ ಅಂದರೆ ಅತ್ತೆಯೋ ಚಿಕ್ಕಮ್ಮನೋ, ಒಬಾಸನ್ ಅಂದರೆ ಅಜ್ಜಿ. ಚೀಟಿ ನಿಮ್ಮ ಕೈಯಲ್ಲಿದ್ದರೆ ಅವನು ಎಲ್ಲಿ ದೀರ್ಘ ನುಂಗಿದ ಅಂತ ನೀವೇ ಹಿಡಿಯಬಹುದು.