ಝೆನ್‌ಜಿಯಾಂಗ್‌ಗೆ ಬರುವ ಮುಂಚೆ

ನಿಮ್ಮ ಪತ್ರ ಓದಿದೆ. ಮನೆಯವರಿಗೆ ಚೀನಾದ ಝೆನ್‌ಜಿಯಾಂಗ್‌ನ ಒಂದು ಕಾರ್ಖಾನೆಯಲ್ಲಿ ಮೂರು ವರ್ಷದ ಕೆಲಸ ಸಿಕ್ಕಿದೆ, ಏಳು ವರ್ಷದ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ನೀವೂ ಬರುತ್ತಿದ್ದೀರಿ. ಕೇಳಿದ್ದು ಮೂರು ಮಾತು. ಊಟಕ್ಕೆ ಏನು ಗತಿ? ಊರಲ್ಲಿ ನೋಡೋಕೆ ಏನಾದರೂ ಇದೆಯಾ, ಬರೀ ಚಿಮಣಿಗಳಾ? ಜನ ನಮ್ಮನ್ನು ಹೇಗೆ ನೋಡುತ್ತಾರೆ?

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯಿತು. ಮೊದಲೆರಡು ಪ್ರಶ್ನೆಗೆ ಉತ್ತರ ಸುಲಭ. ಮೂರನೆಯದಕ್ಕೆ ಸ್ವಲ್ಪ ಹಿಂದೆ ಹೋಗಬೇಕು, ಓದುವ ತಾಳ್ಮೆ ಇರಲಿ.

ಊಟ ಮೊದಲು. ಈ ಊರಿನ ಬಗ್ಗೆ ಇಲ್ಲಿಯವರೇ ಹೇಳುವ ಮೂರು ವಿಚಿತ್ರಗಳಿವೆ: ಎಷ್ಟು ದಿನ ಇಟ್ಟರೂ ಕೆಡದ ವಿನೆಗರ್, ಊಟದ ಪದಾರ್ಥ ಅಂತ ಲೆಕ್ಕಕ್ಕೇ ಬಾರದ ಹಂದಿಮಾಂಸ, ಪಾತ್ರೆಯೊಳಗೇ ಬೇಯುವ ಮುಚ್ಚಳ. ಮೂರನೆಯದು ತಮಾಷೆಯಲ್ಲ. ನೂಡಲ್ಸ್ ಅಂಗಡಿಯಲ್ಲಿ ದೊಡ್ಡ ಹಂಡೆ ಕುದಿಯುತ್ತಿರುತ್ತದೆ, ಅದರ ಬಾಯಿಗಿಂತ ಚಿಕ್ಕದಾದ ಮರದ ಮುಚ್ಚಳ ನೂಡಲ್ಸ್ ಮೇಲೆ ತೇಲುತ್ತಿರುತ್ತದೆ. ಮೊದಲ ವಾರ ನಾನು 'ಮಾಂಸ ಬೇಡ' ಅಂತ ಹೇಳಿ ಒಂದು ಬೋಗುಣಿ ತರಿಸಿಕೊಂಡೆ. ಮಾಂಸದ ಚೂರು ಒಂದೂ ಇರಲಿಲ್ಲ ನಿಜ. ಅರ್ಧ ಕುಡಿದ ಮೇಲೆ ಗೊತ್ತಾಯಿತು, ಸಾರೇ ಮೂಳೆಯದು! ಅಂಗಡಿಯವಳ ತಪ್ಪೇನಿಲ್ಲ, ನಾನು ಕೇಳಿದ್ದನ್ನೇ ಕೊಟ್ಟಿದ್ದಳು. ನೀವು 'ವೊ ಚೀ ಸು' ಅನ್ನಿ, ನಾನು ಸಸ್ಯಾಹಾರಿ ಅಂತ ಅರ್ಥ. ಅದರ ಜೊತೆಗೆ ಸಾರು ಯಾವುದರದ್ದು ಅಂತಲೂ ಕೇಳಿ. ಅಕ್ಕಿ, ಸೊಪ್ಪು, ತೋಫು, ಬದನೆ, ಹೀರೆಕಾಯಿ ಧಾರಾಳ. ತೊಗರಿಬೇಳೆ, ಇಂಗು, ಹುಣಸೆ, ಸಾರಿನ ಪುಡಿ ಮಾತ್ರ ಊರಿಂದಲೇ ಬರಬೇಕು. ಕುಕ್ಕರಿನ ರಬ್ಬರ್ ಎರಡು ಜಾಸ್ತಿ ತನ್ನಿ.

ಇನ್ನು ಸಣ್ಣಪುಟ್ಟದ್ದು. ಬಂದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ವಿಳಾಸ ನೋಂದಾಯಿಸಬೇಕು. ನನ್ನ ಮೊದಲ ಮನೆಯ ಮಾಲೀಕ 'ನಾಳೆ ನೋಡೋಣ' ಅಂತ ಒಂದು ವಾರ ತಳ್ಳಿದ, ಬೈಸಿಕೊಂಡಿದ್ದು ನಾನು. ದುಡ್ಡು ಪೂರ್ತಿ ಫೋನಿನಲ್ಲೇ, ತರಕಾರಿ ಮಾರುವ ಅಜ್ಜಿಯೂ ಕ್ಯೂಆರ್ ಚೀಟಿ ತೂಗುಹಾಕಿರುತ್ತಾಳೆ. ಚಳಿಯನ್ನು ಸುಮ್ನೆ ತಿಳಿಯಬೇಡಿ. ಉತ್ತರ ಚೀನಾದಲ್ಲಿ ಸರ್ಕಾರವೇ ಮನೆಮನೆಗೆ ಬಿಸಿ ಕೊಡುತ್ತದೆ, ಹುವಾಯ್ ನದಿಯ ಈಚೆಗೆ ಅದಿಲ್ಲ. ನಾವಿರುವುದು ಈಚೆಗೆ. ಜನವರಿಯಲ್ಲಿ ಒದ್ದೆ ಚಳಿ, ಮನೆಯೊಳಗೂ ಕೋಟು. ಜೂನ್ ಬಂತೆಂದರೆ 'ಪ್ಲಮ್ ಮಳೆ', ವಾರಗಟ್ಟಲೆ ಜಿಟಿಜಿಟಿ, ಬಟ್ಟೆಗೆ ಬೂಸ್ಟು. ಮಲೆನಾಡು ನೋಡಿದವರಿಗೆ ಇದು ಹೊಸದಲ್ಲ, ಹುಬ್ಬಳ್ಳಿಯವರಿಗೆ ಕಷ್ಟವೇ.

ಈಗ ಜನರ ವಿಷಯ.

ನಾನು ಬಂದ ಮೊದಲ ಚಳಿಗಾಲ. ಶಿಜಿನ್‌ದು ಅಂತ ಒಂದು ಹಳೇ ಬೀದಿಯಿದೆ, ಪಶ್ಚಿಮದ ದೋಣಿಕಟ್ಟೆ ಅಂತ ಅರ್ಥ. ಅಲ್ಲಿ ಚಹಾ ಅಂಗಡಿಯ ಮುಂದೆ ಒಬ್ಬ ತಾತ ಬಿಸಿಲು ಕಾಯಿಸುತ್ತ ಕೂತಿದ್ದರು. 'ಯಿಂದು?' ಅಂದರು. ಹೌದು, ಇಂಡಿಯಾ ಅಂದೆ. ತಾತ ಕೈಯನ್ನು ತಲೆಯ ಸುತ್ತ ಎರಡು ಸಲ ತಿರುಗಿಸಿದರು, ಪೇಟ ಸುತ್ತಿದ ಹಾಗೆ. ಆಮೇಲೆ ಇಲ್ಲದ ಕೋಲೊಂದನ್ನು ಗಾಳಿಯಲ್ಲಿ ಬೀಸಿದರು. ಬೀದಿಯ ಕೊನೆಯ ಗುಡ್ಡದ ಮೇಲಿರುವ ಇಟ್ಟಿಗೆ ಕಟ್ಟಡದ ಕಡೆ ಬೆರಳು ತೋರಿಸಿ ನಕ್ಕರು. ನಾನೂ ನಕ್ಕೆ. ಏನು ಅಂತ ಅರ್ಥ ಆಗಿರಲಿಲ್ಲ.

ಆ ಕಟ್ಟಡ ಈಗ ಊರಿನ ಮ್ಯೂಸಿಯಂ. ಹಿಂದೆ ಅದು ಬ್ರಿಟಿಷ್ ಕಾನ್ಸುಲೇಟ್. ಒಳಗೆ ಹೋಗಿ ನೋಡಿದ ಮೇಲೆ ತಾತನ ಆಟದ ಅರ್ಥ ತಿಳಿಯಿತು. 1889ರ ಫೆಬ್ರವರಿ, ಚೀನೀ ಹೊಸ ವರ್ಷದ ಹಬ್ಬದ ದಿನಗಳು. ಬ್ರಿಟಿಷರ ವಸಾಹತಿನಲ್ಲಿ ಕಾವಲಿಗೆ ಇದ್ದ ಸಿಖ್ ಪೊಲೀಸರು ಒಬ್ಬ ಚೀನೀಯನನ್ನು ಹೊಡೆದರು ಅಂತ ಸುದ್ದಿ ಹಬ್ಬಿತು. ಜನ ನುಗ್ಗಿದರು, ಕಾನ್ಸುಲೇಟ್ ಸುಟ್ಟರು. ಈಗ ನಿಂತಿರುವುದು ಆಮೇಲೆ ಮತ್ತೆ ಕಟ್ಟಿದ್ದು. ಅಂದರೆ ಈ ಊರಿನವರ ನೆನಪಿನಲ್ಲಿ ಭಾರತೀಯ ಮೊದಲು ಕಾಣಿಸಿಕೊಂಡಿದ್ದು ಯೋಗ ಹೇಳಿಕೊಡಲು ಬಂದವನಾಗಿ ಅಲ್ಲ, ಇನ್ನೊಬ್ಬರ ಕೋಲು ಹಿಡಿದವನಾಗಿ.

ಅದಕ್ಕೂ ಮುಂಚೆ ಕೋವಿ ಹಿಡಿದವನಾಗಿ. ಝೆನ್‌ಜಿಯಾಂಗ್ ಎಲ್ಲಿದೆ ಅಂತ ನಕ್ಷೆಯಲ್ಲಿ ನೋಡಿ. ಪಶ್ಚಿಮದಿಂದ ಪೂರ್ವಕ್ಕೆ ಯಾಂಗ್ತ್ಸೆ ನದಿ, ದಕ್ಷಿಣದಿಂದ ಉತ್ತರಕ್ಕೆ ಮಹಾಕಾಲುವೆ, ಎರಡೂ ಸೇರುವ ಜಾಗ ಇದು. ದಕ್ಷಿಣದ ಅಕ್ಕಿ ಬೀಜಿಂಗ್‌ಗೆ ಹೋಗುತ್ತಿದ್ದುದು ಇಲ್ಲಿಂದಲೇ ದಾಟಿ. ಇಲ್ಲಿ ಕತ್ತು ಹಿಡಿದರೆ ರಾಜಧಾನಿಗೆ ಅನ್ನ ಇಲ್ಲ. ಅಫೀಮು ಯುದ್ಧದಲ್ಲಿ ಬ್ರಿಟಿಷರು ಲೆಕ್ಕ ಹಾಕಿದ್ದು ಅದನ್ನೇ. 1842ರ ಜುಲೈ 21ರಂದು ಊರಿನ ಮೇಲೆ ಬಿದ್ದರು. ಪಶ್ಚಿಮದ ಕೋಟೆಬಾಗಿಲನ್ನು ಮದ್ದಿನ ಚೀಲ ಇಟ್ಟು ಒಡೆದರು. ಬಂದ ಸೈನ್ಯದಲ್ಲಿ ಮದ್ರಾಸ್‌ನ ಕಾಲಾಳುಗಳು ಇದ್ದರು, ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಇದ್ದರು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಇದೆಯಲ್ಲ ಸ್ಯಾಪರ್ಸ್ ಕೇಂದ್ರ, ಅದೇ ಪಡೆಯ ಹಿಂದಿನವರು. ಯುದ್ಧಕ್ಕೆ ಕಾರಣವಾದ ಅಫೀಮೂ ಬಂಗಾಳ, ಮಾಳವದ್ದೇ. ಸರಕೂ ನಮ್ಮದು, ಸಿಪಾಯಿಯೂ ನಮ್ಮವನು, ಲಾಭ ಮಾತ್ರ ಬೇರೆಯವರದ್ದು.

ಊರಿನ ಕಾವಲಿಗಿದ್ದ, ಆಗ ಚೀನಾ ಆಳುತ್ತಿದ್ದ ಮಂಚು ಜನಾಂಗದ ಸೈನಿಕರು ಬಿಡಲಿಲ್ಲ, ಬೀದಿ ಬೀದಿಯಲ್ಲಿ ಕಾದರು. ಸೋಲು ಖಚಿತ ಅಂತ ಆದಾಗ ಎಷ್ಟೋ ಜನ ಹೆಂಡತಿ ಮಕ್ಕಳನ್ನು ತಾವೇ ಕೊಂದು ಸತ್ತರು. ಅವರ ಸೇನಾಧಿಪತಿ ಹಾಯ್‌ಲಿಂಗ್ ಬೆಂಕಿ ಹಚ್ಚಿಕೊಂಡು ಸತ್ತ. ಬ್ರಿಟಿಷ್ ಪಾಳೆಯದಲ್ಲಿ ಗುಂಡು ತಾಗದೆ ಬರೀ ಸೆಕೆಗೇ ಸತ್ತವರಿದ್ದರು. ಜುಲೈ ಸೆಕೆ ಹೇಗಿರುತ್ತದೆ ಅಂತ ನೀವೇ ನೋಡುತ್ತೀರಿ, ಆಗ ಇದು ನೆನಪಾಗುತ್ತದೆ. ಆ ಯುದ್ಧದ ಕೊನೆಯ ದೊಡ್ಡ ಕಾಳಗ ಇದು. ಆಗಸ್ಟ್ 29ಕ್ಕೆ ನಾನ್‌ಜಿಂಗ್ ಒಪ್ಪಂದ, ಹಾಂಕಾಂಗ್ ಹೋಯಿತು.

ಮುಂದಿನದು ಇನ್ನೂ ವಿಚಿತ್ರ. ದಕ್ಷಿಣದ ಹೊಂಗ್ ಶಿಯೂಚ್ವಾನ್ ಎಂಬ ಮನುಷ್ಯ ಕ್ರೈಸ್ತ ಪುಸ್ತಿಕೆ ಓದಿ, ತಾನು ಏಸುವಿನ ತಮ್ಮ ಅಂತ ನಂಬಿ ದೊಡ್ಡ ಬಂಡಾಯ ಎಬ್ಬಿಸಿದ. ಅವನ ತಾಯ್‌ಪಿಂಗ್ ಸೈನ್ಯ 1853ರಲ್ಲಿ ಝೆನ್‌ಜಿಯಾಂಗ್ ಹಿಡಿಯಿತು, 1857ರ ತನಕ ಬಿಡಲಿಲ್ಲ. ಊರು ಪಾಳು ಬಿತ್ತು. ಆ ಪಾಳಿನಲ್ಲೇ 1861ರಲ್ಲಿ ವಿದೇಶಿ ವ್ಯಾಪಾರದ ಬಂದರು ತೆರೆಯಿತು, ನದೀ ದಂಡೆಯಲ್ಲಿ ಬ್ರಿಟಿಷರಿಗೆ ಗುತ್ತಿಗೆ ಜಾಗ ಸಿಕ್ಕಿತು. ಇದಕ್ಕೆಲ್ಲ ಮೂಲ 1858ರ ತಿಯಾನ್‌ಜಿನ್ ಒಪ್ಪಂದ. ಮಿಷನರಿಗಳಿಗೆ ಒಳನಾಡಿಗೆ ದಾರಿ ಬಿಟ್ಟಿದ್ದೂ ಅದೇ ಒಪ್ಪಂದ. ಅದೇ ವರ್ಷದ ಸುಂಕದ ಪಟ್ಟಿಯಲ್ಲಿ ಅಫೀಮು ಕಾನೂನಿನ ಸರಕಾಯಿತು. ಬೈಬಲ್ಲು, ಅಫೀಮು ಒಂದೇ ಬಾಗಿಲಿಂದ ಬಂದರೆ ಜನಕ್ಕೆ ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ?

ನಮಗೆ ಮಿಷನರಿ ಅಂದ ಕೂಡಲೇ ಕಿಟೆಲ್ ನೆನಪಾಗುತ್ತಾರೆ, ಅಲ್ವಾ? ನಿಘಂಟು, ಮಂಗಳೂರು ಸಮಾಚಾರ, ಬಾಸೆಲ್ ಮಿಷನ್ ಹೆಂಚು. ಆ ಬಾಸೆಲ್ ಮಿಷನ್ ಚೀನಾಕ್ಕೂ ಬಂದಿತ್ತು, ಆದರೆ ದೂರದ ದಕ್ಷಿಣಕ್ಕೆ, ಗ್ವಾಂಗ್‌ಡಾಂಗ್‌ನ ಹಕ್ಕಾ ಜನರ ನಡುವೆ. ಇಲ್ಲಿ ಹೆಸರಾದವರು ಹಡ್ಸನ್ ಟೇಲರ್. 1865ರಲ್ಲಿ ಚೈನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದವರು. ಚೀನೀಯರ ಹಾಗೆ ಬಟ್ಟೆ ಹಾಕಿ, ಜಡೆ ಬಿಟ್ಟು ತಿರುಗಿದ ಮನುಷ್ಯ. ನದಿಯ ಆಚೆ ದಡದ ಯಾಂಗ್‌ಝೌದಲ್ಲಿ ಬಾಡಿಗೆ ಮನೆ ಹಿಡಿದರು. 1868ರ ಆಗಸ್ಟ್‌ನಲ್ಲಿ ಜನ ಆ ಮನೆಗೆ ನುಗ್ಗಿದರು. ಬ್ರಿಟಿಷ್ ಕಾನ್ಸುಲ್ ಯುದ್ಧನೌಕೆ ಕಟ್ಟಿಕೊಂಡು ನಾನ್‌ಜಿಂಗ್‌ನ ಚೀನೀ ವೈಸರಾಯ್ ಮುಂದೆ ನಿಂತ. ಟೇಲರ್ ಜಡೆ ಬಿಟ್ಟರೂ ಹಿಂದೆ ಫಿರಂಗಿ ಇತ್ತು ಅನ್ನುವುದು ಜನಕ್ಕೆ ಗೊತ್ತಾಗಿಹೋಯಿತು. ಎರಡು ವರ್ಷದ ಮೇಲೆ ಅವರ ಹೆಂಡತಿ ಮರಿಯಾ ಇದೇ ಊರಲ್ಲಿ ತೀರಿಕೊಂಡರು, ವಯಸ್ಸು ಮೂವತ್ತಮೂರು. ಆಗಷ್ಟೇ ಹುಟ್ಟಿದ ಕೂಸೂ ಅದೇ ತಿಂಗಳು ಹೋಯಿತು. ಟೇಲರ್ 1905ರಲ್ಲಿ ಚಾಂಗ್‌ಶಾದಲ್ಲಿ ಸತ್ತಾಗ ಅವರನ್ನು ಇಲ್ಲಿಗೇ ತಂದು ಹೆಂಡತಿಯ ಪಕ್ಕ ಮಣ್ಣು ಮಾಡಿದರು. ಆ ಸ್ಮಶಾನ ಆಮೇಲೆ ಅಳಿಸಿಹೋಯಿತು. ಸಮಾಧಿಕಲ್ಲು ಉಳಿದಿದೆ. ನಾನು ಚರ್ಚಿನವನಲ್ಲ, ಆದರೂ ಅವರನ್ನು ಕೆಟ್ಟವರು ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರನ್ನು ಕರೆತಂದ ಹಡಗಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ.

ನಿಮ್ಮ ಮಗಳಿಗಾಗಿ ಒಂದು ಮನೆ ತೋರಿಸಬೇಕು. ದೆಂಗ್‌ಯುನ್ ಗುಡ್ಡದಲ್ಲಿದೆ. ಅಮೆರಿಕನ್ ಮಿಷನರಿ ಒಬ್ಬರ ಮಗಳು ಪರ್ಲ್ ಬಕ್, ಕೂಸಾಗಿದ್ದಾಗ ಚೀನಾಕ್ಕೆ ಬಂದು ಈ ಊರಲ್ಲೇ ಬೆಳೆದಳು. ಓಣಿ ಮಕ್ಕಳ ಜೊತೆ ಆಡುತ್ತ ಚೀನೀ ಕಲಿತಳು. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ಗಲಭೆಯಲ್ಲಿ ತಾಯಿ ಮಕ್ಕಳನ್ನು ಶಾಂಘೈಗೆ ಕಳಿಸಿ ಅಪ್ಪ ಒಬ್ಬನೇ ಇಲ್ಲಿ ಉಳಿದ. ಹಿಂದಿನ ದಿನ ಆಡಿದ ಗೆಳತಿಯರಿಗೆ ಮರುದಿನ ತಾನು ವಿದೇಶಿ ದೆವ್ವ! ದೊಡ್ಡವಳಾಗಿ ಕಾದಂಬರಿ ಬರೆದಳು, 1938ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಮುದುಕಿಯಾದ ಮೇಲೆ, 1972ರಲ್ಲಿ, ಒಮ್ಮೆ ಊರು ನೋಡಿ ಬರುತ್ತೇನೆ ಅಂತ ಕೇಳಿದಳು. ಚೀನಾ ವೀಸಾ ಕೊಡಲಿಲ್ಲ. ಮುಂದಿನ ವರ್ಷ ತೀರಿಕೊಂಡಳು. ಈಗ ಇಲ್ಲಿ ಅವಳ ಹೆಸರಿನ ಮ್ಯೂಸಿಯಂ ಇದೆ, ಅವಳ ಚೀನೀ ಹೆಸರು ಹಿಡಿದು 'ಸಾಯ್ ಝೆನ್‌ಝು ನಮ್ಮ ಊರಿನವಳು' ಅಂತ ಹೆಮ್ಮೆಯಿಂದ ಹೇಳುತ್ತಾರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. 1908ಕ್ಕೆ ಶಾಂಘೈ-ನಾನ್‌ಜಿಂಗ್ ರೈಲು ಬಂತು, ಬಂದರಿಗೆ ಸರಕು ಇಳಿಸುವವರು ಕಡಿಮೆಯಾದರು. ನದಿಯೂ ಹೂಳು ತುಂಬಿ ದೂರ ಸರಿಯಿತು. ಜಿನ್‌ಶಾನ್ ದೇವಸ್ಥಾನದ ಗುಡ್ಡ ಹಿಂದೆ ನಡುನೀರಿನ ದ್ವೀಪ, ಈಗ ಬಸ್ಸಿನಲ್ಲಿ ಹೋಗಬಹುದು. 1929ರಲ್ಲಿ ಬ್ರಿಟಿಷರು ವಸಾಹತು ಬಿಟ್ಟುಕೊಟ್ಟರು. 1937ರ ಡಿಸೆಂಬರ್‌ನಲ್ಲಿ ಜಪಾನೀಯರು ಬಂದರು, ಪೇಟೆ ಸುಟ್ಟುಹೋಯಿತು, ಅಲ್ಲಿಂದ ನೇರ ನಾನ್‌ಜಿಂಗ್. ಅಲ್ಲಿ ನಡೆದ ಹತ್ಯಾಕಾಂಡ ನಿಮಗೆ ಗೊತ್ತಿರುತ್ತದೆ. ಡಿಸೆಂಬರ್ 13ರಂದು ಮನೆಯಲ್ಲಿ ಪಾರ್ಟಿ ಇಟ್ಟುಕೊಳ್ಳಬೇಡಿ, ದಯವಿಟ್ಟು. ಇಲ್ಲಿಂದ ನಾನ್‌ಜಿಂಗ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ, ಆ ದಿನ ಅಲ್ಲಿ ಸೈರನ್ ಕೂಗುತ್ತದೆ. 1949ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟ್ ಸೈನ್ಯ ನದಿ ದಾಟುವಾಗ ಬ್ರಿಟಿಷ್ ಯುದ್ಧನೌಕೆ ಅಮೆಥಿಸ್ಟ್ ಇದೇ ನೀರಿನಲ್ಲಿ ಗುಂಡು ತಿಂದು ಕೂತಿತು. ಮೂರು ತಿಂಗಳ ಮೇಲೆ ಒಂದು ರಾತ್ರಿ ಕದ್ದು ಓಡಿತು. ಅದರಲ್ಲಿದ್ದ ಸೈಮನ್ ಎಂಬ ಬೆಕ್ಕಿಗೆ ಇಲಿ ಹಿಡಿದಿದ್ದಕ್ಕೆ ಪದಕ ಬಂತು, ಮಗಳಿಗೆ ಹೇಳಿ. 1842ರಲ್ಲಿ ಫಿರಂಗಿ ಹೊತ್ತು ಬಂದ ನೌಕಾಪಡೆ 1949ರಲ್ಲಿ ದೀಪ ಆರಿಸಿಕೊಂಡು ಹೋಯಿತು. ಇಲ್ಲಿಯವರಿಗೆ ಈ ಕತೆ ಹೇಳುವುದೆಂದರೆ ಬಹಳ ಖುಷಿ.

ಜನ ಹೇಗೆ ನೋಡುತ್ತಾರೆ ಅಂದರೆ, ದಿಟ್ಟಿಸಿ ನೋಡುತ್ತಾರೆ. ಮಗಳ ಕಣ್ಣು ಹೊಗಳುತ್ತಾರೆ, ಫೋಟೋ ಕೇಳುತ್ತಾರೆ, ಸಂಬಳ ಎಷ್ಟು ಅಂತಲೂ ಕೇಳುತ್ತಾರೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಓದಲು ನಮ್ಮ ಹುಡುಗರು ವರ್ಷಗಳಿಂದ ಬರುತ್ತಿದ್ದಾರೆ, ಹಾಗಾಗಿ ನಾವು ಅಷ್ಟು ಅಪರೂಪವೂ ಅಲ್ಲ. 'ಆ ಸಾನ್' ಅನ್ನುವ ಮಾತು ಕಿವಿಗೆ ಬಿದ್ದರೆ, ಅದು ಹಳೇ ಸಿಖ್ ಪೊಲೀಸರಿಗೆ ಅಂಟಿಸಿದ ಅಡ್ಡಹೆಸರು, ಈಗ ಇಂಟರ್ನೆಟ್‌ನಲ್ಲಿ ನಮ್ಮೆಲ್ಲರಿಗೂ ಬಳಸುವ ಬೈಗುಳ. ಹನ್ನೊಂದು ವರ್ಷದಲ್ಲಿ ನನ್ನ ಮುಖಕ್ಕೆ ಅಂದವರು ಇಬ್ಬರೇ, ಇಬ್ಬರೂ ಕುಡಿದಿದ್ದರು. ಅದೇ ಜನ 'ಕೆ ದಿಹುವಾ' ಅಂತಲೂ ಕೇಳುತ್ತಾರೆ, ವಯಸ್ಸಾದವರು ವಿಶೇಷವಾಗಿ. 1938ರಲ್ಲಿ ಯುದ್ಧದ ನಡುವೆ ಭಾರತದಿಂದ ಬಂದ ವೈದ್ಯರಲ್ಲಿ ಒಬ್ಬರಾದ, ನಮ್ಮ ವಿಜಾಪುರದ ಪಕ್ಕದ ಸೊಲ್ಲಾಪುರದ ಡಾಕ್ಟರ್ ಕೋಟ್ನಿಸ್ ಅವರ ಚೀನೀ ಹೆಸರು ಅದು. ಚೀನಾದಲ್ಲೇ ದುಡಿದು ಚೀನಾದಲ್ಲೇ ಸತ್ತರು. ಅವರ ಹೆಸರಿನ ಮೇಲೆ ನನಗೆ ಎಷ್ಟು ಸಲ ಪುಕ್ಕಟೆ ಚಹಾ ಸಿಕ್ಕಿದೆಯೋ ಲೆಕ್ಕವಿಲ್ಲ.

ಬಂದ ಮೊದಲ ಭಾನುವಾರ ಶಿಜಿನ್‌ದುಗೆ ಹೋಗೋಣ. ಒಂಟಿಚಕ್ರದ ಗಾಡಿಗಳು ಓಡಾಡಿ ಓಡಾಡಿ ಕಲ್ಲುಹಾಸಿನ ನಡುವೆ ಉದ್ದಕ್ಕೂ ಒಂದು ಗೀರು ಬಿದ್ದಿದೆ. ನನ್ನ ಮಗನ ಪಾದ ಮೊದಲ ವರ್ಷ ಅದರಲ್ಲಿ ಸರಿಯಾಗಿ ಕೂರುತ್ತಿತ್ತು, ಈಗ ಹಿಡಿಸುವುದಿಲ್ಲ. ನಿಮ್ಮ ಮಗಳದ್ದು ಇನ್ನೂ ಹಿಡಿಸಬಹುದು. ಒಂದು ಕಡೆ ನೆಲ ಅಗೆದು ಗಾಜು ಮುಚ್ಚಿದ್ದಾರೆ, ಒಂದರ ಕೆಳಗೊಂದು ಹಳೇ ರಸ್ತೆಗಳು ಪದರ ಪದರವಾಗಿ ಕಾಣುತ್ತವೆ. ಪಕ್ಕದಲ್ಲೇ ದೋಣಿ ಮಗುಚಿದವರನ್ನು ಎತ್ತಲು ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ಊರವರೇ ಕಟ್ಟಿದ ಸಂಘದ ಮನೆ. ನನಗೆ ಆ ಬೀದಿಯಲ್ಲಿ ಎಲ್ಲಕ್ಕಿಂತ ಇಷ್ಟ ಅದು. ಆ ತಾತ ಈಗಿಲ್ಲ. ಚಹಾ ಅಂಗಡಿಯನ್ನು ಮೊಮ್ಮಗಳು ನಡೆಸುತ್ತಾಳೆ.

ಹಾಂ, ಹುಣಸೆ ಮುಗಿದರೆ ಈ ಊರಿನ ಕರಿ ವಿನೆಗರ್ ಹಾಕಿ ಸಾರು ಮಾಡಬಹುದಾ ಅಂತ ಯೋಚನೆ ಬರುತ್ತದೆ. ಬೇಡ. ನಾನು ಮಾಡಿ ನೋಡಿದ್ದೇನೆ. ಹುಣಸೆ ಒಂದು ಕೇಜಿ ಜಾಸ್ತಿಯೇ ತನ್ನಿ, ಅರ್ಧ ನನಗೆ.