ಮರಿಗೆ ಒಂದೇ ಇಂಜೆಕ್ಷನ್ ಸಾಕಾ? ಕೊಡಗಿನ ನಾಪೋಕ್ಲು ಕಡೆಯಿಂದ ಕೇಳಿದವರಿಗೆ ಉತ್ತರ

ನೀವು ಕೇಳಿದ್ದು, ಲೈನ್ ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ತಂದ ಎರಡು ತಿಂಗಳ ನಾಟಿ ನಾಯಿಮರಿಗೆ ಲಸಿಕೆಯ ಒಂದು ಇಂಜೆಕ್ಷನ್ ಆಗಿದೆ, ಇನ್ನೂ ಹಾಕಿಸಬೇಕಾ, ಮನೆ ಬೆಕ್ಕಿಗೂ ಬೇಕಾ ಅಂತ. ಎರಡಕ್ಕೂ ಬೇಕು. ನಾಟಿ ನಾಯಿಗೆ ಏನೂ ಆಗಲ್ಲ ಅಂತ ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ, ದಯವಿಟ್ಟು ನಂಬಬೇಡಿ. ಪಾರ್ವೋ (ಕರುಳಿಗೆ ಬರುವ ವೈರಸ್ ರೋಗ) ಬಂದರೆ ನಾಟಿ ಮರಿಯೂ ವಾಂತಿ, ರಕ್ತಭೇದಿ ಮಾಡಿಕೊಂಡು ಎರಡು ಮೂರು ದಿನದಲ್ಲಿ ಹೋಗಿಬಿಡುತ್ತದೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನಮ್ಮ ಚಪ್ಪಲಿಯಲ್ಲೇ ಮನೆಗೆ ಬರುತ್ತದೆ. ಹಾಗಾಗಿ ಮರಿ ಗೇಟು ದಾಟಲ್ಲ ಅನ್ನುವುದು ರಕ್ಷಣೆ ಅಲ್ಲ.

ಒಂದು ಡೋಸ್ ಯಾಕೆ ಸಾಲದು ಅಂದರೆ, ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಸ್ವಲ್ಪ ಕಾಲ ರೋಗ ತಡೆಯುವ ಶಕ್ತಿ ಬಂದಿರುತ್ತದೆ. ಅದು ಇರುವಷ್ಟು ದಿನ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಒಂದು ಮರಿಯಲ್ಲಿ ಎಂಟು ವಾರಕ್ಕೇ ಇಳಿದಿರುತ್ತದೆ, ಇನ್ನೊಂದರಲ್ಲಿ ಮೂರೂವರೆ ತಿಂಗಳಾದರೂ ಇರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಅದಕ್ಕೇ 6-8 ವಾರಕ್ಕೆ ಶುರು ಮಾಡಿ, 3-4 ವಾರಕ್ಕೊಮ್ಮೆ ಹಾಕಿಸಿ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವ ಹಾಗೆ ನೋಡಿಕೊಳ್ಳಬೇಕು. ಜನ ಎಡವುವುದು ಇಲ್ಲೇ. ಮೊದಲನೆಯದು ಆಯ್ತಲ್ವಾ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. ನಡುವೆ ಜಂತುಹುಳದ ಔಷಧಿಯೂ ಆಗಲಿ.

ರೇಬೀಸ್ ಬೇರೆ ಇಂಜೆಕ್ಷನ್. ಮೂರು ತಿಂಗಳಿಗೆ ಹಾಕಿಸಿ, ಬೂಸ್ಟರ್ (ಬಲ ಉಳಿಸುವ ಮರು ಡೋಸ್) ಯಾವಾಗ ಅಂತ ಡಾಕ್ಟರನ್ನು ಕೇಳಿ, ಆಮೇಲೆ ವರ್ಷ ವರ್ಷ ತಪ್ಪಿಸಬೇಡಿ. ನಮ್ಮ ತೋಟದ ನಾಯಿಗಳು ರಾತ್ರಿ ಎಲ್ಲಿ ಸುತ್ತುತ್ತವೆ, ಯಾವ ನರಿ, ಮುಂಗುಸಿ ಜೊತೆ ಕಚ್ಚಾಡುತ್ತವೆ ಅಂತ ನಮಗೆ ಗೊತ್ತಾಗುವುದೇ ಇಲ್ಲ. ಬೆಕ್ಕೂ ಹಾಗೇ, ಅದು ಪರಚಿದ್ದನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ರೇಬೀಸ್ ಲಕ್ಷಣ ಕಂಡ ಮೇಲೆ ಮನುಷ್ಯರಿಗೂ ಪ್ರಾಣಿಗೂ ಚಿಕಿತ್ಸೆ ಇಲ್ಲ. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ಬೆಕ್ಕಿಗೆ ರೇಬೀಸ್ ಲಸಿಕೆಯ ಜೊತೆ ಬೇರೆ ಮೂರು ರೋಗಗಳ ಲಸಿಕೆ ಒಂದೇ ಇಂಜೆಕ್ಷನ್‌ನಲ್ಲಿ ಬರುತ್ತದೆ, ಅದನ್ನೂ ಕೇಳಿ.

ಕೊಡಗಿನವರು ಜಾಸ್ತಿ ಗಮನ ಕೊಡಬೇಕಾದದ್ದು ಇಲಿಜ್ವರ, ಅಂದರೆ ಲೆಪ್ಟೊ. ಇಲಿ ಮೂತ್ರ ಬೆರೆತ ನೀರು, ಕೆಸರಿನಿಂದ ಬರುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡಗಿನ ತಿಂಗಳು) ಮಳೆಯಲ್ಲಿ ಗದ್ದೆ, ತೋಡು, ಕಣ ಎಲ್ಲ ಕಡೆ ಅದೇ ನೀರು. ನಾಯಿಯ ಲಿವರ್, ಕಿಡ್ನಿ ಹಾಳಾಗುತ್ತದೆ, ನಮಗೂ ಹರಡುತ್ತದೆ. ಇದಕ್ಕೂ ನಾಯಿಗೆ ಲಸಿಕೆ ಇದೆ, ಆದರೆ ಅದರ ಬಲ ಹೆಚ್ಚುಕಡಿಮೆ ಒಂದು ವರ್ಷ ಮಾತ್ರ. ದೊಡ್ಡ ನಾಯಿಗಳಿಗೆ ವರ್ಷದ ಲಸಿಕೆಯನ್ನು ಏಪ್ರಿಲ್-ಮೇ ತಿಂಗಳಲ್ಲೇ ಮುಗಿಸಿದರೆ ಮಳೆ ಹಿಡಿಯುವ ಹೊತ್ತಿಗೆ ತಯಾರಾಗಿರುತ್ತವೆ. ಉಣ್ಣೆ (ರಕ್ತ ಹೀರುವ ಉಣ್ಣಿ ಹುಳ) ಕಚ್ಚಿ ಬರುವ ಜ್ವರಕ್ಕೆ ಮಾತ್ರ ನಮ್ಮಲ್ಲಿ ಲಸಿಕೆ ಇಲ್ಲ, ಉಣ್ಣೆ ಹತ್ತದ ಹಾಗೆ ನೋಡಿಕೊಳ್ಳುವುದೊಂದೇ ದಾರಿ.

ಅಂಗಡಿಯಿಂದ ತಂದು ಮನೆಯಲ್ಲೇ ಚುಚ್ಚುವುದು ಬೇಡ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ದಿನ ಇರಲ್ಲ ಅಂತ ನಿಮಗೇ ಗೊತ್ತು. ಜನರೇಟರ್ ಅಥವಾ ಇನ್ವರ್ಟರ್ ಇರುವ ಕಡೆಯೇ ಹೋಗಿ, ಫ್ರಿಡ್ಜ್ ಬಗ್ಗೆ ಕೇಳಲು ಸಂಕೋಚ ಬೇಡ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ. ಒಂದು ದಿನ ಮಂಕಾಗಿರುವುದು ಸಹಜ. ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಡಾಕ್ಟರಿಗೆ ತೋರಿಸಿ.

ಸಾಧ್ಯವಾದರೆ ಲೈನಿನ ನಾಯಿಗಳನ್ನೂ ಅದೇ ಜೀಪಿನಲ್ಲಿ ಕರೆದುಕೊಂಡು ಹೋಗಿ, ನಿಮ್ಮ ಮರಿ ಆಡುವುದು ಅವುಗಳ ಜೊತೆಯೇ ಅಲ್ವಾ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಉಚಿತ ಲಸಿಕೆಯೂ ಇರುತ್ತದೆ. ಸದ್ಯಕ್ಕೆ ಮರಿಗೆ ಹಾಕಿಸಿದ ತಾರೀಕು, ಕಾರ್ಡಿನಲ್ಲಿ ಅಂಟಿಸಿದ ಸ್ಟಿಕ್ಕರ್ ಫೋಟೋ ಇಲ್ಲಿ ಹಾಕಿ. ಯಾವ ಲಸಿಕೆ ಆಗಿದೆ, ಮುಂದಿನದು ಯಾವಾಗ ಅಂತ ನೋಡಿ ಹೇಳುತ್ತೇನೆ.